ಪೀಡಿಯಾಟ್ರಿಕ್ಸ್ ಎಂಡಿ ಮೊದಲ ವರ್ಷ: ತೂಕ, ಡ್ರಿಪ್, ಸೂಜಿ, ಥೀಸಿಸ್

ಹೊಸ_ಪಿಜಿ
ಸರ್ಕಾರಿ ಮೆಡಿಕಲ್ ಕಾಲೇಜೊಂದರ ಮಕ್ಕಳ ವಿಭಾಗದಲ್ಲಿ ಎಂಡಿ ಸೀಟು ಸಿಕ್ಕಿದೆ, ರಾಜೀವ್ ಗಾಂಧಿ ಆರೋಗ್ಯ ವಿವಿ ವ್ಯಾಪ್ತಿಯದು. ಯಾವ ಪುಸ್ತಕ, ಯಾವ ಆ್ಯಪ್ ಅನ್ನೋ ಪಟ್ಟಿಗಳು ಬೇಕಾದಷ್ಟಿವೆ. ಜೂನಿಯರ್ ಕೈಯಲ್ಲಿ ಮೊದಲ ಆರು ತಿಂಗಳು ಏನು ಕೆಡುತ್ತೆ, ಯಾಕೆ ಕೆಡುತ್ತೆ ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ. ಲೆಕ್ಕ, ದ್ರಾವಣ, ಸೂಜಿ, ಕೇಸ್ ಶೀಟ್, ಥೀಸಿಸ್ ಎಲ್ಲಾ ಬರಲಿ. "ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ" ಥರದ ಉತ್ತರ ಬೇಡ.

ಮೂರನೇ_ವಾರ್ಡ್
ತೂಕದಿಂದ ಶುರು ಮಾಡೋಣ. ಮಕ್ಕಳ ವಿಭಾಗದಲ್ಲಿ ತೂಕ ಬರೆಯದ ಆರ್ಡರ್ ಆರ್ಡರೇ ಅಲ್ಲ. ಕೇಸ್ ಶೀಟಿನ ತಲೆಯಲ್ಲೇ ತೂಕ, ತೂಗಿದ ದಿನ, ಅದು ತೂಗಿದ್ದೋ ಅಂದಾಜೋ ಅನ್ನೋದು, ಮೂರೂ ಇರಬೇಕು. ಅಂದಾಜು ಅಂತ ಬರೆಯದೆ ಬಿಟ್ಟ 14 ಕೆ.ಜಿ. ಮೂರು ದಿನ ಹಾಗೇ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಹೋಗುತ್ತದೆ. ನಾಲ್ಕನೇ ದಿನ ತೂಗಿದಾಗ 10.5 ಬಂದರೆ ಅಲ್ಲಿವರೆಗಿನ ಪ್ರತಿಯೊಂದು ಡೋಸೂ ಮೂರನೇ ಒಂದು ಪಾಲು ಜಾಸ್ತಿ.

ನಿಲ್ಲಲಾಗದ ಮಗುವಾದರೆ ತಾಯಿ ಎತ್ತಿಕೊಂಡು ನಿಲ್ಲಲಿ, ಆಮೇಲೆ ತಾಯಿಯ ತೂಕ ಕಳೆಯಿರಿ. ಫಿಟ್ಸ್ ಬರುತ್ತಾ ಬಂದ ಮಗುವನ್ನು ತೂಗಲು ಪುರಸೊತ್ತಿರುವುದಿಲ್ಲ. ಆಗ ಸೂತ್ರ: ವರ್ಷದೊಳಗೆ ತಿಂಗಳಿಗೆ 9 ಕೂಡಿಸಿ 2ರಿಂದ ಭಾಗಿಸಿ, 1ರಿಂದ 6 ವರ್ಷಕ್ಕೆ ವಯಸ್ಸು × 2 + 8. ಬಡಕಲು ಮಗು ಕಂಡರೆ ಸೂತ್ರದ ಉತ್ತರ ಜಾಸ್ತಿಯೇ ಇರುತ್ತದೆ ಅಂತ ಮನಸ್ಸಿನಲ್ಲಿರಲಿ. ನವಜಾತ ಶಿಶುವಿಗೆ ಇನ್ನೊಂದು ನಿಯಮ. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ಹಾಗಾಗಿ ಹುಟ್ಟಿದಾಗಿನ ತೂಕ ಮರಳಿ ಬರುವವರೆಗೂ ಆ ತೂಕದ ಮೇಲೇ ಲೆಕ್ಕ. ದಿನದಿನಕ್ಕೆ ಇಳಿದ ತೂಕ ಹಾಕುತ್ತಾ ಹೋದರೆ ದ್ರವವೂ ಕಡಿಮೆಯಾಗುತ್ತಾ ಹೋಗುತ್ತದೆ.

ಮಲಪ್ರಭಾ
ತೂಕ ಸರಿ ಇದ್ದರೂ ಆಂಪೂಲು ಕೈ ಕೊಡ್ತದ್ರಿ. ಅಮಿಕಾಸಿನ್ ನೋಡ್ರಿ: 2 ಮಿ.ಲೀ. ವಯಲಿನೊಳಗ 100 ಮಿ.ಗ್ರಾಂ ಇರ್ತದ, 250 ಇರ್ತದ, 500ನೂ ಇರ್ತದ. ಮೂರೂ ಒಂದೇ ಅಳತಿ, ಹೆಚ್ಚೂಕಡಿಮಿ ಒಂದೇ ಮುಖ. ಸ್ಟೋರ್‌ನಾಗ 100ರದ್ದು ಮುಗದು 500ರದ್ದು ಬಂದ ದಿನ, "0.4 ಮಿ.ಲೀ. ಕೊಡ್ರಿ" ಅಂತ ಬರದ ಆರ್ಡರು ಐದು ಪಟ್ಟು ಆಗ್ತದ. ಅದಕ್ಕ ಆರ್ಡರ್ ಮಿ.ಗ್ರಾಂನಾಗ ಬರೀರಿ, ಮಿ.ಲೀ. ಲೆಕ್ಕ ಆ ದಿನದ ವಯಲ್ ಕೈಯಾಗ ಹಿಡಕೊಂಡು ಮಾಡ್ರಿ.

ಪ್ಯಾರಾಸಿಟಮಾಲ್‌ನೂ ಹಂಗ. ಡ್ರಾಪ್ಸ್‌ನಾಗ 1 ಮಿ.ಲೀ.ಗೆ 100 ಮಿ.ಗ್ರಾಂ. ಸಿರಪ್ 5 ಮಿ.ಲೀ.ಗೆ 120 ಅಥವಾ 250. 10 ಕೆ.ಜಿ. ಕೂಸಿಗೆ 15 ಮಿ.ಗ್ರಾಂ ಲೆಕ್ಕದಾಗ 150 ಮಿ.ಗ್ರಾಂ ಬೇಕು. ಅಂದ್ರ ಡ್ರಾಪ್ಸ್ ಆದ್ರ 1.5 ಮಿ.ಲೀ., 120ರ ಸಿರಪ್ ಆದ್ರ ಸುಮಾರು 6, 250ರದ್ದಾದ್ರ 3. ಡಿಸ್ಚಾರ್ಜ್ ಚೀಟಿಯೊಳಗ ಬರೇ "6 ಮಿ.ಲೀ." ಅಂತ ಬರದು ಕಳಿಸಿದ್ರ, ಮನ್ಯಾಗ ಡ್ರಾಪ್ಸ್ ಬಾಟ್ಲಿ ಇದ್ದಾಕಿ ಅದನ್ನ 6 ಮಿ.ಲೀ. ಹಾಕ್ತಾಳ. ಅದು 600 ಮಿ.ಗ್ರಾಂ! ಬಾಟ್ಲಿ ತೋರಿಸಿ, ಮುಚ್ಚಳದ ಗೆರಿ ತೋರಿಸಿ ಕಳಸ್ರಿ.

ಇನ್ನ ಅಡ್ರಿನಲಿನ್. 1:1000 ಆಂಪೂಲು 1 ಮಿ.ಲೀ., ಅದಕ್ಕ 9 ಮಿ.ಲೀ. ಎನ್‌ಎಸ್ (0.9% ಸಲೈನ್) ಸೇರಿಸಿದ್ರ 1:10,000. ಎದಿ ನಿಂತಾಗ ನರಕ್ಕ ಕೊಡೂದು ಈ ತೆಳು ಮಾಡಿದ್ದು, ಕೆ.ಜಿ.ಗೆ 0.1 ಮಿ.ಲೀ. ಅಲರ್ಜಿ ಜೋರಾಗಿ ಅನಾಫಿಲಾಕ್ಸಿಸ್ ಆದ್ರ ತೊಡಿ ಸ್ನಾಯುವಿಗೆ 1:1000ದ್ದೇ, ಕೆ.ಜಿ.ಗೆ 0.01 ಮಿ.ಲೀ. ಇವೆರಡು ಅದಲುಬದಲು ಆದ್ರ ಏನಾಗ್ತದ ಅಂತ ನಾ ಹೇಳೂದು ಬ್ಯಾಡ. ತೆಳು ಮಾಡಿದ ಸಿರಿಂಜಿಗೆ ಪಟ್ಟಿ ಹಚ್ಚದ ಟ್ರೇದಾಗ ಇಡಬ್ಯಾಡ್ರಿ.

ಎನ್‌ಐಸಿಯು_ಸಿಸ್ಟರ್
ಮಲಪ್ರಭಾ ಅವರ ಮಾತಿಗೆ ನರ್ಸಿಂಗ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಅಂಕಿ ಬರೆಯುವಾಗ ".5" ಬೇಡ, "0.5" ಬರೆಯಿರಿ, ಚುಕ್ಕಿ ಕಾಣದಿದ್ದರೆ ಅದು 5. "5.0" ಕೂಡ ಬೇಡ, ಚುಕ್ಕಿ ಕಾಣದಿದ್ದರೆ 50. ಇನ್ಸುಲಿನ್‌ಗೆ "ಯೂನಿಟ್" ಅಂತ ಪೂರ್ತಿ ಬರೆಯಿರಿ, ಒಂದಕ್ಷರದ ಗುರುತು ಸೊನ್ನೆಯಂತೆ ಕಾಣುತ್ತದೆ. ಮೈಕ್ರೋಗ್ರಾಂ ಕೂಡ ಪೂರ್ತಿ ಬರೆಯಿರಿ. ದಿನದ ಡೋಸೋ ಒಂದು ಹೊತ್ತಿನ ಡೋಸೋ ಅನ್ನುವುದು ಸ್ಪಷ್ಟವಿರಲಿ. ಸೆಫೊಟಾಕ್ಸಿಮ್ ದಿನಕ್ಕೆ ಕೆ.ಜಿ.ಗೆ 150 ಮಿ.ಗ್ರಾಂ ಅಂದರೆ ಹೊತ್ತಿಗೆ 50ರಂತೆ ಮೂರು ಹೊತ್ತು. "150 ಮಿ.ಗ್ರಾಂ ಪ್ರತಿ ಕೆ.ಜಿ., 8 ಗಂಟೆಗೊಮ್ಮೆ" ಅಂತ ಬರೆದ ಶೀಟು ಬಂದರೆ ಅನುಭವಿ ಸಿಸ್ಟರ್ ವಾಪಸ್ ಕೇಳುತ್ತಾರೆ. ಹೊಸಬರು ಹಾಗೇ ಕೊಟ್ಟುಬಿಡುತ್ತಾರೆ.

ನಿಮ್ಮ ಆರ್ಡರನ್ನು ಸಿಸ್ಟರ್ ಮತ್ತೆ ಕೇಳಿದರೆ ಅವಮಾನ ಅಂದುಕೊಳ್ಳಬೇಡಿ. ಎರಡನೇ ಕಣ್ಣು ಇರುವುದೇ ಅದಕ್ಕೆ.

ತುಂಗಾತೀರ
ಡ್ರಿಪ್‌ಗೆ ಬರೋಣ. ಹೆಚ್ಚು ತಪ್ಪಾಗುವುದು ಇಲ್ಲೇ.

ದಿನದ ದ್ರವದ ಲೆಕ್ಕ ಎಲ್ಲರಿಗೂ ಗೊತ್ತು: ಮೊದಲ 10 ಕೆ.ಜಿ.ಗೆ ತಲಾ 100 ಮಿ.ಲೀ., ಮುಂದಿನ 10ಕ್ಕೆ ತಲಾ 50, ಆಮೇಲೆ ತಲಾ 20. 12 ಕೆ.ಜಿ. ಮಗುವಿಗೆ 1100 ಮಿ.ಲೀ., ಗಂಟೆಗೆ 46. ಪ್ರಶ್ನೆ ಇರುವುದು ಯಾವ ಬಾಟಲಿ ಅನ್ನುವುದರಲ್ಲಿ. ಐಸೋಲೈಟ್-ಪಿ ಅನ್ನುವುದನ್ನು "ಮಕ್ಕಳ ಡ್ರಿಪ್" ಅಂತ ತಲೆಮಾರುಗಳಿಂದ ಹಾಕುತ್ತಾ ಬಂದಿದ್ದಾರೆ. ಅದರಲ್ಲಿ ಸೋಡಿಯಂ ಲೀಟರಿಗೆ ಸುಮಾರು 25 ಮಿಲಿಈಕ್ವಿವಲೆಂಟ್ ಮಾತ್ರ. ನ್ಯುಮೋನಿಯಾ, ಮೆನಿಂಜೈಟಿಸ್, ಬ್ರಾಂಕಿಯೋಲೈಟಿಸ್, ಶಸ್ತ್ರಚಿಕಿತ್ಸೆ ಆದ ಮಗು, ಇವರೆಲ್ಲರಲ್ಲೂ ಎಡಿಎಚ್ ಹಾರ್ಮೋನ್ ಏರಿರುತ್ತದೆ, ಮೂತ್ರಪಿಂಡ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಮಗುವಿಗೆ ಸೋಡಿಯಂ ಕಡಿಮೆ ಇರುವ ನೀರು ಹರಿಸಿದರೆ ಎರಡನೇ ದಿನ ಸೋಡಿಯಂ 122ಕ್ಕೆ ಇಳಿದು ಫಿಟ್ಸ್. ಆಮೇಲೆ ಮೆದುಳಿಗೆ ಏನಾಯಿತೋ ಅಂತ ಸ್ಕ್ಯಾನ್ ಮಾಡಿಸುತ್ತಾ ಕೂರುತ್ತೇವೆ.

28 ದಿನ ದಾಟಿದ ಮಗುವಿಗೆ ಡಿಎನ್‌ಎಸ್ ಹಾಕಿ, ಅಂದರೆ 5% ಡೆಕ್ಸ್‌ಟ್ರೋಸ್ ಇರುವ 0.9% ಸಲೈನ್. ಮೂತ್ರ ಹೋದ ಮೇಲೆ 500 ಮಿ.ಲೀ. ಬಾಟಲಿಗೆ 5 ಮಿ.ಲೀ. ಪೊಟ್ಯಾಸಿಯಂ ಕ್ಲೋರೈಡ್. 15%ದ ಆಂಪೂಲಿನಲ್ಲಿ ಮಿ.ಲೀ.ಗೆ 2 ಮಿಲಿಈಕ್ವಿವಲೆಂಟ್ ಇರುವುದರಿಂದ ಲೀಟರಿಗೆ 20 ಆಗುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು 2018ರಲ್ಲೇ ಐಸೋಟಾನಿಕ್ ದ್ರಾವಣವನ್ನೇ ಶಿಫಾರಸು ಮಾಡಿದ್ದಾರೆ. ಎಡಿಎಚ್ ಏರುವ ಕಾಯಿಲೆಯಾದರೆ ಲೆಕ್ಕದ ಮೂರನೇ ಎರಡು ಭಾಗ ಸಾಕು.

ಪೊಟ್ಯಾಸಿಯಂ ಬಗ್ಗೆ ಇನ್ನೊಂದು ಮಾತು. ನೇತುಹಾಕಿದ ಬಾಟಲಿಗೆ ಚುಚ್ಚಿ ಬಿಡಬೇಡಿ. ಅದು ಭಾರ, ಕೆಳಗೆ ಬಾಯಿಯ ಹತ್ತಿರವೇ ನಿಲ್ಲುತ್ತದೆ, ಮೊದಲ ಕೆಲವೇ ನಿಮಿಷಗಳಲ್ಲಿ ಮಗುವಿನ ಮೈಗೆ ಹೋಗುತ್ತದೆ. ಬಾಟಲಿ ಇಳಿಸಿ, ಸೇರಿಸಿ, ಹತ್ತು ಸಲ ತಿರುಗಿಸಿ ಮುರುಗಿಸಿ, ಪಟ್ಟಿ ಅಂಟಿಸಿ, ಆಮೇಲೆ ಏರಿಸಿ.

ಮೂರನೇ_ವಾರ್ಡ್
ತುಂಗಾತೀರ, ಐಸೋಲೈಟ್-ಪಿಯನ್ನು ಪೂರ್ತಿ ಹೊರಗೆ ಹಾಕಬೇಡಿ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮೂರನೇ ದಿನದಿಂದ ಅದೇ ಅನುಕೂಲ. ನವಜಾತ ಶಿಶುವಿಗೆ ದಿನಕ್ಕೆ ಕೆ.ಜಿ.ಗೆ 2-3 ಸೋಡಿಯಂ ಸಾಕು; 100 ಮಿ.ಲೀ. ಹೋದರೆ 2.5 ಬಂತು.

ತುಂಗಾತೀರ
ಒಪ್ಪಿದೆ, ನಾನು 28 ದಿನ ದಾಟಿದವರ ಬಗ್ಗೆ ಹೇಳಿದ್ದು. ಆದರೆ ಎನ್‌ಐಸಿಯುನಿಂದ ವಾರ್ಡಿಗೆ ಬಂದ ಜೂನಿಯರ್ ಕೈ ಅದೇ ಬಾಟಲಿಗೆ ಹೋಗುತ್ತದೆ, ಅದೇ ನನ್ನ ತಕರಾರು.

ನವಜಾತರ ಲೆಕ್ಕ ಬಂದದ್ದರಿಂದ: ತುಂಬು ತಿಂಗಳ ಶಿಶುವಿಗೆ ಮೊದಲ ದಿನ ಕೆ.ಜಿ.ಗೆ 60 ಮಿ.ಲೀ., 1500 ಗ್ರಾಂಗಿಂತ ಕಡಿಮೆಯಾದರೆ 80. ದಿನಕ್ಕೆ 15-20ರಂತೆ ಏರಿಸಿ 150ರವರೆಗೆ. ಸಕ್ಕರೆ ಎಷ್ಟು ಹೋಗುತ್ತಿದೆ ಅನ್ನುವ ಜಿಐಆರ್ ಲೆಕ್ಕಕ್ಕೆ ಡೆಕ್ಸ್‌ಟ್ರೋಸ್ ಶೇಕಡಾವನ್ನು ದಿನದ ಮಿ.ಲೀ.ನಿಂದ (ಕೆ.ಜಿ.ಗೆ) ಗುಣಿಸಿ 144ರಿಂದ ಭಾಗಿಸಿ. 10%, 60 ಮಿ.ಲೀ. ಅಂದರೆ 4.2. ಸಕ್ಕರೆ ಇಳಿದ ಶಿಶುವಿಗೆ 10% ಡೆಕ್ಸ್‌ಟ್ರೋಸ್ ಕೆ.ಜಿ.ಗೆ 2 ಮಿ.ಲೀ. ಕೊಟ್ಟು, ಬೆನ್ನಿಗೇ 6ರ ಜಿಐಆರ್ ಹಚ್ಚಬೇಕು. ಬರೀ ಬೋಲಸ್ (ಒಮ್ಮೆಲೇ ಕೊಡುವ ಡೋಸ್) ಕೊಟ್ಟು ಬಿಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಇಳಿಯುತ್ತದೆ. 12.5% ಬೇಕಾದರೆ 10%ದ್ದು ಐದು ಪಾಲು, 25%ದ್ದು ಒಂದು ಪಾಲು. ಕೈಕಾಲಿನ ನರಕ್ಕೆ ಅದೇ ಮಿತಿ. ಅದಕ್ಕಿಂತ ಗಟ್ಟಿಯಾದರೆ ಹೊಕ್ಕುಳ ಕ್ಯಾಥೆಟರ್.

ಹೊಸ_ಪಿಜಿ
ಹೊಕ್ಕುಳ ಕ್ಯಾಥೆಟರ್ ಎಷ್ಟು ಒಳಗೆ?

ತುಂಗಾತೀರ
ಅಪಧಮನಿಗೆ ತೂಕ × 3 + 9. ಅಭಿಧಮನಿಗೆ ಅದರ ಅರ್ಧ + 1. ಒಂದೂವರೆ ಕೆ.ಜಿ.ಗೆ 13.5, ಮತ್ತು 7.75 ಸೆಂ.ಮೀ. ಕತ್ತರಿಸಿದ ಹೊಕ್ಕುಳ ಮೋಟಿನ ಉದ್ದ ಇದಕ್ಕೆ ಕೂಡಿಸಬೇಕು. ಎಕ್ಸ್‌ರೇ ನೋಡದೆ ಗಟ್ಟಿ ದ್ರಾವಣ, ಕ್ಯಾಲ್ಸಿಯಂ ಹಚ್ಚಬೇಡಿ. ತುದಿ ಯಕೃತ್ತಿಗೆ ಹೊಕ್ಕಿದ್ದರೆ ಅಂಗಾಂಶವೇ ಸುಟ್ಟುಹೋಗುತ್ತದೆ. ಹೆರಿಗೆ ಕೋಣೆಯಲ್ಲಿ ಉಸಿರು ಹಿಡಿಸುವಾಗ ಈ ಸೂತ್ರ ಬೇಡ. 2-4 ಸೆಂ.ಮೀ. ಹಾಕಿ, ರಕ್ತ ವಾಪಸ್ ಬಂದ ಕೂಡಲೇ ನಿಲ್ಲಿಸಿ.

ಎನ್‌ಐಸಿಯು_ಸಿಸ್ಟರ್
ಸೂಜಿ, ಸ್ಯಾಂಪಲ್ ಬಗ್ಗೆ ಯಾರೂ ಬರೆದಿಲ್ಲ. ಹೊಸ ಪಿಜಿಗಳ ಅರ್ಧ ರಾತ್ರಿ ಹೋಗುವುದೇ ಇದರಲ್ಲಿ.

ನರಕ್ಕೆ ಹಾಕುವ ಕ್ಯಾನುಲಾ ಶಿಶುವಿಗೆ ಹಳದಿ 24 ಗೇಜ್, ತೀರಾ ಚಿಕ್ಕದಕ್ಕೆ ನೇರಳೆ 26. ಸಣ್ಣ ನರದಲ್ಲಿ ರಕ್ತ ತಡವಾಗಿ ಕಾಣಿಸುತ್ತದೆ. ಕಾಣಲಿಲ್ಲ ಅಂತ ಮುಂದೆ ಚುಚ್ಚಿದರೆ ಆಚೆ ಗೋಡೆ ಒಡೆಯುತ್ತದೆ. ಕಂಡ ಮೇಲೆ ಒಂದೆರಡು ಮಿ.ಮೀ. ಮಾತ್ರ ಮುಂದೆ ಹೋಗಿ ಪ್ಲಾಸ್ಟಿಕ್ ಜಾರಿಸಿ. ತುದಿ ಇರುವ ಜಾಗದ ಮೇಲೆ ಬ್ಯಾಂಡೇಜ್ ಸುತ್ತಬೇಡಿ, ಊತ ಕಾಣಬೇಕು. ಕ್ಯಾಲ್ಸಿಯಂ ಹೋಗುತ್ತಿರುವಾಗ ಊದಿದರೆ ಚರ್ಮವೇ ಕಪ್ಪಾಗಿ ಉದುರುತ್ತದೆ.

ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. 7 ಬಂತು ಅಂತ ಕ್ಯಾಲ್ಸಿಯಂ ತರಿಸುವ ಮೊದಲು ಇಸಿಜಿ ನೋಡಿ, ಜೊತೆಗೆ ಸ್ಯಾಂಪಲ್ ಮತ್ತೊಮ್ಮೆ ಕಳಿಸಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಬಾಟಲಿ ಮೆಲ್ಲಗೆ ತಿರುಗಿಸದಿದ್ದರೆ ಸಣ್ಣ ಹೆಪ್ಪು ಕಟ್ಟಿ ಪ್ಲೇಟ್‌ಲೆಟ್ 20,000 ಅಂತ ಬರುತ್ತದೆ. ಡೆಂಗ್ಯೂ ಕಾಲದಲ್ಲಿ ಇದರಿಂದಾಗುವ ಗಲಾಟೆ ಬೇಡವೇ ಬೇಡ. ಬ್ಲಡ್ ಗ್ಯಾಸ್ ಸಿರಿಂಜಿನಲ್ಲಿ ಹೆಪಾರಿನ್ ಉಳಿದಿದ್ದರೆ ಇಂಗಾಲದ ಡೈಆಕ್ಸೈಡು, ಬೈಕಾರ್ಬ್, ಕ್ಯಾಲ್ಸಿಯಂ ಮೂರೂ ಸುಳ್ಳಾಗಿ ಇಳಿಯುತ್ತವೆ. ಒಳಗೋಡೆ ಒದ್ದೆಯಾದಷ್ಟೇ ಸಾಕು, ಉಳಿದದ್ದು ಚೆಲ್ಲಿ. ಬ್ಲಡ್ ಕಲ್ಚರಿಗೆ ಕನಿಷ್ಠ 1 ಮಿ.ಲೀ.; ಅದಕ್ಕಿಂತ ಕಡಿಮೆ ಹಾಕಿ "ಬೆಳವಣಿಗೆ ಇಲ್ಲ" ಅಂತ ವರದಿ ಬಂದರೆ ಅದನ್ನು ನಂಬಿ ಆ್ಯಂಟಿಬಯೋಟಿಕ್ ನಿಲ್ಲಿಸುವ ಹಾಗಿಲ್ಲ.

ಲಂಬರ್ ಪಂಕ್ಚರ್‌ಗೆ (ಬೆನ್ನಿನಿಂದ ನೀರು ತೆಗೆಯುವುದು) ಮಗುವನ್ನು ಹಿಡಿಯುವುದು ನಾವೇ. ದಯವಿಟ್ಟು ಕುತ್ತಿಗೆ ಮಡಚಿಸಲು ಹೇಳಬೇಡಿ. ಸೊಂಟ ಬಾಗಿದರೆ ಸಾಕು. ಕುತ್ತಿಗೆ ಮಡಚಿದ ನವಜಾತ ಶಿಶು ಅಲ್ಲೇ ನೀಲಿಗಟ್ಟುತ್ತದೆ. ಸಕ್ಕರೆ ಹೋಲಿಸಲು ರಕ್ತದ ಸ್ಯಾಂಪಲ್ ಪಂಕ್ಚರಿಗೆ ಮೊದಲೇ ತೆಗೆಯಿರಿ. ಹಾಗೆ ತೆಗೆದ ನೀರಿನ (ಸಿಎಸ್‌ಎಫ್) ಬಾಟಲಿ ಟ್ರೇನಲ್ಲಿ ಎರಡು ಗಂಟೆ ಕೂತರೆ ಬಿಳಿಕಣ ಕರಗಿ ಎಣಿಕೆ ಅರ್ಧಕ್ಕಿಳಿಯುತ್ತದೆ. ವಾರ್ಡ್ ಬಾಯ್ ಬರಲಿ ಅಂತ ಕಾಯಬೇಡಿ, ಲ್ಯಾಬಿಗೆ ನೀವೇ ಓಡಿ.

ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬಬಲ್ ಸಿಪ್ಯಾಪ್ ಬಗ್ಗೆ ಚುಟುಕಾಗಿ: ನೀರಿನಲ್ಲಿ ನಳಿಕೆ 5 ಸೆಂ.ಮೀ., ಹರಿವು 5 ಲೀಟರಿನಿಂದ ಶುರು, ಅವಧಿಪೂರ್ವ ಶಿಶುವಿನ ರಕ್ತದ ಆಮ್ಲಜನಕ ಮಟ್ಟ (ಸ್ಯಾಚುರೇಷನ್) 90-95%ರೊಳಗೆ. ಗುಳ್ಳೆ ನಿಂತರೆ ಮೂಗಿನ ಪ್ರಾಂಗ್ ತೆಗೆದು ಬೆರಳಿನಿಂದ ಮುಚ್ಚಿ. ಗುಳ್ಳೆ ಬಂತೋ, ಸೋರಿಕೆ ಮೂಗು-ಬಾಯಿಯಲ್ಲಿ: ಪ್ರಾಂಗ್ ಸಣ್ಣದಾಗಿದೆ ಅಥವಾ ಬಾಯಿ ತೆರೆದಿದೆ. ಬರಲಿಲ್ಲವೋ, ಸರ್ಕ್ಯೂಟಿನಲ್ಲಿ: ಹ್ಯುಮಿಡಿಫೈಯರ್ ಮುಚ್ಚಳ ಮೊದಲು ನೋಡಿ. ಪ್ರಾಂಗ್ ಮೂಗಿನ ನಡುಗೋಡೆಗೆ ತಾಗಬಾರದು, ಒಂದೆರಡು ಮಿ.ಮೀ. ಅಂತರ ಇರಲಿ. ಬಾಯಿಂದ ಹೊಟ್ಟೆಗೆ ಹಾಕಿದ ನಳಿಕೆ ತೆರೆದಿರಲಿ, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ.

ಮಲಪ್ರಭಾ
ಹಿಸ್ಟರಿ ಬಗ್ಗೆ. ಪುಸ್ತಕದಾಗಿನ ಕ್ರಮ (ಬಸಿರು, ಹೆರಿಗಿ, ಬೆಳವಣಿಗಿ, ಲಸಿಕಿ, ಆಹಾರ) ಎಲ್ಲಾರೂ ಬರೀತಾರ. ನಮ್ಮ ಕಡೆ ಅದರ ಜೊತಿಗೆ ಕೇಳಬೇಕಾದ್ದು ಬ್ಯಾರೆ ಅದಾವ. ಹೊಟ್ಟಿಗೆ ಬರಿ (ಕಾಯಿಸಿದ ಕಬ್ಬಿಣದಿಂದ ಸುಡೂದು) ಹಾಕ್ಸೀರೇನು? ಕಾಮಾಲಿಗೆ, ಫಿಟ್ಸಿಗೆ ಇನ್ನೂ ಹಾಕಸ್ತಾರ. ಅಂಗಿ ಬಿಚ್ಚಿ ನೋಡದವ್ರಿಗೆ ಅದು ಕಾಣೂದಿಲ್ಲ. ಮೂಗಿಗೆ ಎಣ್ಣಿ ಬಿಡ್ತೀರೇನು? ಬಿಟ್ರ ಅದು ಪುಪ್ಪುಸಕ್ಕ ಹೋಗಿ ಯಾವ ಆ್ಯಂಟಿಬಯೋಟಿಕ್‌ಗೂ ಬಗ್ಗದ ನ್ಯುಮೋನಿಯಾ. ಬಜಿ, ಜೇನತುಪ್ಪ ಏನರ ನೆಕ್ಕಸೀರೇನು?

ಇನ್ನ ಬಾಣಂತಿ ಪಥ್ಯ. ಇದು ಭಾಳ ಮುಖ್ಯ. ಒಂದರಿಂದ ನಾಲ್ಕು ತಿಂಗಳ ಕೂಸು, ಬರೇ ಎದಿಹಾಲು, ಮೈತುಂಬ ಚೊಲೊ ಇತ್ತು. ಎರಡು ದಿನದಿಂದ ವಾಂತಿ, ಹಾಲು ಬಿಟ್ಟೈತಿ, ದಮ್ಮು ಹತ್ತೈತಿ, ಅಳು ಗೊಗ್ಗರ ಆಗೇತಿ ಅಥವಾ ದನಿನೇ ಇಲ್ಲ. ಎದಿ ಎಕ್ಸ್‌ರೇ ಹೆಚ್ಚೂಕಡಿಮಿ ಸ್ವಚ್ಛ, ಲಿವರ್ ದೊಡ್ಡದು, ಗ್ಯಾಸ್‌ನಾಗ ಆಸಿಡೋಸಿಸ್, ಲ್ಯಾಕ್ಟೇಟ್ ಜೋರು, ಎಕೋದಾಗ ಬಲಗಡೆ ಹೃದಯ ಉಬ್ಬೇತಿ. ತಾಯಿನ್ನ ಕೇಳ್ರಿ: ಏನು ಉಣ್ಣಾಕತ್ತೀವಾ? ಪಾಲಿಶ್ ಅಕ್ಕಿ ಅನ್ನ, ಬಳ್ಳೊಳ್ಳಿ, ಮೆಣಸಿನ ಸಾರು. ಬ್ಯಾಳಿ ಇಲ್ಲ, ಕಾಯಿಪಲ್ಯ ಇಲ್ಲ. ಅದು ಥಯಾಮಿನ್ ಕೊರತಿ, ಶಿಶುವಿನ ಬೆರಿಬೆರಿ.

ಮೂರನೇ_ವಾರ್ಡ್
ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ಥಯಾಮಿನ್‌ಗೆ ಸ್ಪಂದಿಸುವ ಈ ಶ್ವಾಸಕೋಶದ ಅಧಿಕ ರಕ್ತದೊತ್ತಡ ಕರ್ನಾಟಕದಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಸೆಪ್ಸಿಸ್ ಅಂದುಕೊಂಡು ಕೆ.ಜಿ.ಗೆ 20 ಮಿ.ಲೀ. ಬೋಲಸ್ ಒಂದರ ಮೇಲೊಂದು ಕೊಟ್ಟರೆ ಆಗಲೇ ಉಬ್ಬಿದ ಬಲ ಹೃದಯ ಇನ್ನೂ ಸೋಲುತ್ತದೆ. ಬರೀ ಡೆಕ್ಸ್‌ಟ್ರೋಸ್ ಹರಿಸಿದರೆ ಅದನ್ನು ಉರಿಸಲು ಬೇಕಾದ ಥಯಾಮಿನ್ ಇಲ್ಲದೆ ಲ್ಯಾಕ್ಟೇಟ್ ಮತ್ತಷ್ಟು ಏರುತ್ತದೆ. ಅನುಮಾನ ಬಂದ ಕೂಡಲೇ 100 ಮಿ.ಗ್ರಾಂ ಥಯಾಮಿನ್ ನರಕ್ಕೆ ಕೊಡಿ. ರಕ್ತ ಪರೀಕ್ಷೆಗೆ ಕಾಯಬೇಡಿ. ಔಷಧಿ ಅಗ್ಗ, ಅಪಾಯ ಕಡಿಮೆ. ಕೆಲವೇ ಗಂಟೆಗಳಲ್ಲಿ ಉಸಿರಾಟ, ಗ್ಯಾಸ್ ಎರಡೂ ತಿರುಗುತ್ತವೆ. ತಿರುಗದಿದ್ದರೆ ಬೇರೆ ಕಾರಣ ಹುಡುಕಿ. ತಾಯಿಗೂ ಮಾತ್ರೆ ಬರೆಯಿರಿ, ಊಟ ಬದಲಿಸಿ. ಊಟ ಬದಲಾಗಬೇಕಾದರೆ ಮಾತಾಡಬೇಕಾದ್ದು ಅಜ್ಜಿಯ ಜೊತೆ. ಬಾಣಂತನದ ಅಡುಗೆಮನೆ ಅವರ ಕೈಯಲ್ಲಿದೆ.

ರಾಯಚೂರು_ಕಡೆಯವ
ಚೇಳು ಕಡಿತ ಬಿಟ್ಟಿದ್ದೀರಿ. ಬಯಲುಸೀಮೆಯ ವಾರ್ಡಿಗೆ ಬೇಸಿಗೆಯಲ್ಲಿ ಬರುತ್ತಲೇ ಇರುತ್ತದೆ. ಬೆವರು, ವಾಂತಿ, ತಣ್ಣಗಾದ ಕೈಕಾಲು ಕಂಡರೆ ಪ್ರಾಜೋಸಿನ್ ಕೆ.ಜಿ.ಗೆ 30 ಮೈಕ್ರೋಗ್ರಾಂ ಬಾಯಿಗೆ, 3 ಗಂಟೆಗೆ ಮತ್ತೊಮ್ಮೆ, ಆಮೇಲೆ ಕೈಕಾಲು ಬೆಚ್ಚಗಾಗುವವರೆಗೆ 6 ಗಂಟೆಗೊಮ್ಮೆ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಂದ ಜಗತ್ತಿಗೇ ತಿಳಿದ ಚಿಕಿತ್ಸೆ ಇದು. ತೊಡಕು ಎಲ್ಲಿ ಅಂದರೆ ಅಂಗಡಿಯಲ್ಲಿ ಸಿಗುವುದು ಬಹುಪಾಲು ನಿಧಾನ ಬಿಡುಗಡೆಯ ಎಕ್ಸ್‌ಎಲ್ ಮಾತ್ರೆ. ಅದನ್ನು ಒಡೆದು ಪುಡಿಮಾಡಿ ಕೊಡುವಂತಿಲ್ಲ. ಸಾದಾ 1 ಮಿ.ಗ್ರಾಂ ಮಾತ್ರೆ ಸ್ಟೋರಿನಲ್ಲಿ ಇದೆಯಾ ಅಂತ ಫೆಬ್ರುವರಿಯಲ್ಲೇ ನೋಡಿಕೊಳ್ಳಿ. ಕೊಟ್ಟ ಮೇಲೆ ಮಗುವನ್ನು ಎತ್ತಿ ಕೂರಿಸಬಾರದು, ಬಿಪಿ ಇಳಿಯುತ್ತದೆ. ಎತ್ತಿಕೊಂಡು ಓಡಾಡಬೇಡಿ ಅಂತ ತಾಯಿಗೂ ಹೇಳಿ.

ಸೀಮೆಎಣ್ಣೆ ಕುಡಿದು ಬಂದ ಮಗುವಿಗೆ ಹೊಟ್ಟೆ ತೊಳೆಯಬೇಡಿ, ವಾಂತಿ ಮಾಡಿಸಬೇಡಿ. ಹಾಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಎಎಸ್‌ವಿ ಮಾತ್ರ ತೂಕದ ಲೆಕ್ಕವಲ್ಲ. ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ, ದೊಡ್ಡವರಷ್ಟೇ ವಯಲ್.

ತುಂಗಾತೀರ
ಡೆಂಗ್ಯೂ ಬಗ್ಗೆ ಒಂದೇ ವಿಷಯ. ಜ್ವರ ಬಿಟ್ಟ ದಿನವೇ ಅಪಾಯ ಶುರು. ಆಗಿನ 24-48 ಗಂಟೆಯಲ್ಲಿ ಪ್ಲಾಸ್ಮಾ ಸೋರುತ್ತದೆ. "ಜ್ವರ ಬಿಟ್ಟಿದೆ, ಮನೆಗೆ ಕಳಿಸಿ" ಅನ್ನುವುದು ಅಪಾಯದ ತಪ್ಪು. ಪ್ಲೇಟ್‌ಲೆಟ್ ಬೆನ್ನು ಹತ್ತಬೇಡಿ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ನಾಡಿ ಒತ್ತಡದ ಅಂತರ, ಮೂತ್ರ, ಈ ಮೂರು ನೋಡಿ. ಮೇಲಿನ ಮತ್ತು ಕೆಳಗಿನ ಬಿಪಿ ಅಂತರ 20ಕ್ಕೆ ಇಳಿದರೆ ಅದು ಶಾಕ್, ಮಗು ಕೂತು ಮಾತಾಡುತ್ತಿದ್ದರೂ ಸರಿ. ಶಾಕ್ ಇಲ್ಲದೆ ಎಚ್ಚರಿಕೆಯ ಲಕ್ಷಣ ಇದ್ದವರಿಗೆ ಗಂಟೆಗೆ ಕೆ.ಜಿ.ಗೆ 5-7 ಮಿ.ಲೀ. ಒಂದೆರಡು ಗಂಟೆ, ಮತ್ತೆ ನೋಡಿ 3-5, ಆಮೇಲೆ 2-3. ದಪ್ಪ ಮಗುವಾದರೆ ಇರಬೇಕಾದ ತೂಕದ ಮೇಲೆ ಲೆಕ್ಕ ಹಾಕಿ. ಸೋರಿಕೆ ನಿಂತ ಮೇಲೂ ಡ್ರಿಪ್ ಓಡುತ್ತಿದ್ದರೆ ಸೋರಿದ್ದೆಲ್ಲ ರಕ್ತಕ್ಕೆ ಮರಳಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಡ್ರಿಪ್ ಹಚ್ಚಿದ ಸಮಯದ ಪಕ್ಕದಲ್ಲೇ ಮತ್ತೆ ನೋಡಬೇಕಾದ ಸಮಯವನ್ನೂ ಬರೆದಿಡಿ.

ಮೂರನೇ_ವಾರ್ಡ್
ಅಲ್ಲಿಂದಲೇ ಹ್ಯಾಂಡೋವರಿಗೆ ಬರುತ್ತೇನೆ. ರೋಗ ಗುರುತಿಸುವುದರಲ್ಲಿ ಆಗುವ ತಪ್ಪನ್ನು ಬೆಳಿಗ್ಗೆ ರೌಂಡ್ಸ್‌ನಲ್ಲಿ ಯಾರಾದರೂ ಹಿಡಿಯುತ್ತಾರೆ. ಪಾಳಿ ಬದಲಾಗುವಾಗ ಜಾರಿದ್ದನ್ನು ಯಾರೂ ಹಿಡಿಯುವುದಿಲ್ಲ. "ಬೆಡ್ 7, ಡೆಂಗ್ಯೂ, ಸ್ಟೇಬಲ್" ಅನ್ನುವುದು ಹ್ಯಾಂಡೋವರ್ ಅಲ್ಲ. "ಬೆಡ್ 7, 16 ಕೆ.ಜಿ., ಜ್ವರ ಬಿಟ್ಟು 10 ಗಂಟೆ, ಈಗ 5ರಲ್ಲಿ ಓಡುತ್ತಿದೆ, ಹೆಮಟೋಕ್ರಿಟ್ 44, 9 ಗಂಟೆಗೆ ಮತ್ತೆ ಕಳಿಸಬೇಕು, ಏರಿದರೆ ಸೀನಿಯರಿಗೆ ಫೋನ್, ಇಳಿದು ಮೂತ್ರ ಚೆನ್ನಾಗಿದ್ದರೆ 3ಕ್ಕೆ ಇಳಿಸಿ." ಕಳಿಸಿ ವರದಿ ಬರದ ಸ್ಯಾಂಪಲ್ಲುಗಳ ಪಟ್ಟಿ ಬೇರೆಯಾಗಿ ಕೈಗೆ ಕೊಡಿ. ಹಾಸಿಗೆ ಪಕ್ಕ ನಿಂತೇ ಹೇಳಿ, ಡ್ಯೂಟಿ ರೂಮಿನ ಮಂಚದ ಮೇಲೆ ಕೂತಲ್ಲ.

ಹೊಸ_ಪಿಜಿ
ಡೋಪಮಿನ್, ಅಡ್ರಿನಲಿನ್ ಇನ್ಫ್ಯೂಷನ್‌ಗೆ ಸುಲಭ ಲೆಕ್ಕ ಇದೆಯಾ? ಆಮೇಲೆ ಇನ್ಸುಲಿನ್?

ತುಂಗಾತೀರ
50 ಮಿ.ಲೀ. ಸಿರಿಂಜಿನಲ್ಲಿ ತೂಕದ 3 ಪಟ್ಟು ಮಿ.ಗ್ರಾಂ ಡೋಪಮಿನ್ ಹಾಕಿದರೆ ಗಂಟೆಗೆ 1 ಮಿ.ಲೀ. ಅಂದರೆ ನಿಮಿಷಕ್ಕೆ ಕೆ.ಜಿ.ಗೆ 1 ಮೈಕ್ರೋಗ್ರಾಂ. ಅಡ್ರಿನಲಿನ್ ತೂಕದ 0.3 ಪಟ್ಟು ಹಾಕಿದರೆ ಗಂಟೆಗೆ 1 ಮಿ.ಲೀ. ಅಂದರೆ 0.1 ಮೈಕ್ರೋಗ್ರಾಂ. ಸಿರಿಂಜ್ ಬದಲಿಸುವ ಮೊದಲು ಹೊಸದು ತುಂಬಿ ಸಿದ್ಧವಿರಲಿ. ಎರಡು ನಿಮಿಷ ಖಾಲಿ ಬಿಟ್ಟರೂ ಬಿಪಿ ಬೀಳುತ್ತದೆ. ಆ ಲೈನಿನಲ್ಲಿ ಬೇರೆ ಔಷಧಿ ತಳ್ಳಬೇಡಿ, ನಳಿಕೆಯಲ್ಲಿದ್ದದ್ದೆಲ್ಲ ಒಮ್ಮೆಲೇ ಒಳಗೆ ಹೋಗುತ್ತದೆ.

ಇನ್ಸುಲಿನ್: ನಮ್ಮಲ್ಲಿನ ವಯಲ್ ಮಿ.ಲೀ.ಗೆ 40 ಯೂನಿಟ್. 50 ಯೂನಿಟ್ ಬೇಕಾದರೆ 1.25 ಮಿ.ಲೀ., ಎನ್‌ಎಸ್ ಸೇರಿಸಿ 50 ಮಿ.ಲೀ. ಮಾಡಿದರೆ ಮಿ.ಲೀ.ಗೆ 1 ಯೂನಿಟ್. 100ರ ಸಿರಿಂಜಿನಿಂದ 40ರ ವಯಲ್ ಎಳೆದರೆ ಲೆಕ್ಕವೆಲ್ಲ ಕೆಡುತ್ತದೆ, ಮುಚ್ಚಳದ ಬಣ್ಣ ನೋಡಿ. ಪ್ಲಾಸ್ಟಿಕ್ ನಳಿಕೆಗೆ ಇನ್ಸುಲಿನ್ ಅಂಟಿಕೊಳ್ಳುತ್ತದೆ, ಹಾಗಾಗಿ ಮೊದಲ 20 ಮಿ.ಲೀ. ಹರಿಸಿ ಚೆಲ್ಲಿ, ಆಮೇಲೆ ಮಗುವಿಗೆ ಜೋಡಿಸಿ. ಡಿಕೆಎನಲ್ಲಿ (ಮಧುಮೇಹದಲ್ಲಿ ರಕ್ತ ಆಮ್ಲೀಯವಾಗುವ ತುರ್ತುಸ್ಥಿತಿ) ಇನ್ಸುಲಿನ್ ಬೋಲಸ್ ಇಲ್ಲ. ದ್ರವ ಶುರುವಾಗಿ ಒಂದು ಗಂಟೆ ಆದ ಮೇಲೆ ಗಂಟೆಗೆ ಕೆ.ಜಿ.ಗೆ 0.05-0.1 ಯೂನಿಟ್. ಪೊಟ್ಯಾಸಿಯಂ ನೋಡದೆ ಶುರು ಮಾಡಬೇಡಿ.

ಅಂಕಿಅಂಶ_ಮೇಷ್ಟ್ರು
ಥೀಸಿಸ್ ಕೇಳಿದ್ದಿರಿ, ಯಾರೂ ಮುಟ್ಟಿಲ್ಲ. ನಾನು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಕಡೆಯವನು. ಸೇರಿದ ಮೊದಲ ಆರು ತಿಂಗಳ ಆಸುಪಾಸಿನಲ್ಲೇ ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಕೇಳುತ್ತಾರೆ, ಕೊನೆಯ ಪರೀಕ್ಷೆಗೆ ಆರು ತಿಂಗಳು ಮೊದಲೇ ಥೀಸಿಸ್ ಕೊಡಬೇಕು. ಕಾಗದದ ಮೇಲೆ ಎರಡು ವರ್ಷ ಸಿಗುತ್ತದೆ, ನಿಜದಲ್ಲಿ ಅಷ್ಟಿಲ್ಲ. ಎಥಿಕ್ಸ್ ಸಮಿತಿ ಒಪ್ಪಿಗೆ ಬರುವ ಮೊದಲು ತೆಗೆದ ಒಂದು ಕೇಸೂ ಲೆಕ್ಕಕ್ಕಿಲ್ಲ. ಡೆಂಗ್ಯೂ ವಿಷಯ ತೆಗೆದುಕೊಂಡು ಒಪ್ಪಿಗೆ ನವೆಂಬರಿನಲ್ಲಿ ಬಂದರೆ ಮುಂದಿನ ಮಳೆಗಾಲದವರೆಗೆ ಕೈಕಟ್ಟಿ ಕೂರಬೇಕು. ವರ್ಷಪೂರ್ತಿ ಬರುವ ವಿಷಯ ಹಿಡಿಯಿರಿ: ರಕ್ತಹೀನತೆ, ನವಜಾತರ ಕಾಮಾಲೆ, ಕಡಿಮೆ ತೂಕದ ಶಿಶುಗಳ ಬೆಳವಣಿಗೆ.

ಸ್ಯಾಂಪಲ್ ಗಾತ್ರದಲ್ಲಿ ಎಡವುವುದು ಒಂದೇ ಕಡೆ. ಸೂತ್ರ 4 × ಪಿ × ಕ್ಯೂ ÷ ಡಿ ವರ್ಗ. ಪಿ ಅಂದರೆ ಆ ತೊಂದರೆ ಇರುವವರ ಶೇಕಡಾ, ಕ್ಯೂ ಅಂದರೆ 100 − ಪಿ, ಡಿ ಅಂದರೆ ನಿಖರತೆ. ಪಿ 30% ಇದ್ದು, "10% ನಿಖರತೆ" ಅಂದರೆ 30ರ ಆಚೆ ಈಚೆ ನೇರ 10 ಅಂತ ಹಿಡಿದರೆ 84 ಮಕ್ಕಳು. 30ರ ಹತ್ತನೇ ಒಂದು, ಅಂದರೆ 3 ಅಂತ ಹಿಡಿದರೆ 933! ಯಾವುದು ಅಂತ ಸಿನಾಪ್ಸಿಸ್‌ನಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಕ್ಲಿನಿಕಲ್ ಟ್ರಯಲ್ ಆದರೆ ಮೊದಲ ಮಗು ಸೇರುವ ಮೊದಲೇ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಹಿಂದಿನ ದಿನಾಂಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂದೆತಾಯಿಯ ಒಪ್ಪಿಗೆ ಕನ್ನಡದಲ್ಲಿ, ಅವರು ಓದಿ ತಿಳಿಯುವ ಕನ್ನಡದಲ್ಲಿ. 7 ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದವರದ್ದು ಬರಹದಲ್ಲಿ ಬೇಕು. ಮಾಸ್ಟರ್ ಚಾರ್ಟಿನಲ್ಲಿ ವಯಸ್ಸು ಎಲ್ಲರದ್ದೂ ತಿಂಗಳಲ್ಲೇ ಇರಲಿ. "1½ ವರ್ಷ", "8 ತಿಂ", "2 ವ 3 ತಿಂ" ಅಂತ ಬೆರೆಸಿ ತಂದರೆ ಯಾವ ಸಾಫ್ಟ್‌ವೇರೂ ಓದುವುದಿಲ್ಲ. ಮಾಹಿತಿ ಇಲ್ಲದ ಜಾಗ ಖಾಲಿ ಬಿಡಿ, 99 ತುಂಬಬೇಡಿ. ಸರಾಸರಿ ಹಿಮೋಗ್ಲೋಬಿನ್ 17 ಬಂದು ನಿಲ್ಲುತ್ತದೆ.

ಹೊಸ_ಪಿಜಿ
ಕೊನೆಯ ಎರಡು ಪ್ರಶ್ನೆ. ರಜೆ ಎಷ್ಟು? ಜಿಲ್ಲಾ ರೆಸಿಡೆನ್ಸಿಗೆ ಯಾವಾಗ ಹೋಗುವುದು ಒಳ್ಳೆಯದು?

ಮೂರನೇ_ವಾರ್ಡ್
ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2023ರ ನಿಯಮದಂತೆ ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ, 5 ದಿನ ಅಕಾಡೆಮಿಕ್ ರಜೆ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ಬಿಡುವು. ಹಾಜರಿ 80% ಇರಬೇಕು. ವಾರದ ಬಿಡುವು ಕಾಗದದಲ್ಲೇ ಉಳಿಯುವ ವಿಭಾಗಗಳು ಕಡಿಮೆಯೇನಿಲ್ಲ. ರೋಸ್ಟರ್ ಬರೆಯುವ ಸೀನಿಯರ್ ಜೊತೆ ತಿಂಗಳ ಮೊದಲೇ ಮಾತಾಡಿಕೊಳ್ಳಿ, ದಿನ ಬೆಳಗಾದರೆ ಕೇಳಿದರೆ ಸಿಗಲ್ಲ. ರಿಸರ್ಚ್ ಮೆಥಡಾಲಜಿ, ಎಥಿಕ್ಸ್, ಜೀವರಕ್ಷಕ ಕೋರ್ಸುಗಳನ್ನು ಮೊದಲ ವರ್ಷದಲ್ಲೇ ಮುಗಿಸಿ. ಪರೀಕ್ಷೆ ಅರ್ಜಿ ಹೊತ್ತಿಗೆ ಸರ್ಟಿಫಿಕೇಟ್ ಹುಡುಕುವುದು ದೊಡ್ಡ ರಗಳೆ.

ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾಸ್ಪತ್ರೆಯಲ್ಲಿ ಕೆಲಸ, ಮೂರು ತಿಂಗಳು; 3, 4 ಅಥವಾ 5ನೇ ಸೆಮಿಸ್ಟರಿನಲ್ಲಿ. ಆಯ್ಕೆ ಇದ್ದರೆ 4ನೆಯದು ವಾಸಿ ಅಂತ ನನ್ನ ಅಭಿಪ್ರಾಯ. 3ರಲ್ಲಿ ಕೈ ಇನ್ನೂ ಪಳಗಿರುವುದಿಲ್ಲ, ಅಲ್ಲಿ ರಾತ್ರಿ ಪಕ್ಕದಲ್ಲಿ ಸೀನಿಯರ್ ಇರುವುದಿಲ್ಲ. 5ಕ್ಕೆ ಹೋದರೆ ಥೀಸಿಸ್ ಬರೆಯುವ ಹೊತ್ತಿಗೆ ಕೇಸ್ ಶೀಟುಗಳು ಇಲ್ಲಿ, ನೀವು ಅಲ್ಲಿ.

ಅಂಕಿಅಂಶ_ಮೇಷ್ಟ್ರು
ಆ ಮೂರು ತಿಂಗಳು ಕೇಸ್ ಸಂಗ್ರಹ ನಿಲ್ಲುತ್ತದೆ ಅಂತ ಸಿನಾಪ್ಸಿಸ್ ಬರೆಯುವಾಗಲೇ ಕಳೆದುಕೊಂಡು ಲೆಕ್ಕ ಹಾಕಿ. ಸಹಪಾಠಿಯಿಂದ ಸಂಗ್ರಹ ಮಾಡಿಸುವುದಾದರೆ ಅವರ ಹೆಸರು ಎಥಿಕ್ಸ್ ಅರ್ಜಿಯಲ್ಲಿ ಮೊದಲೇ ಇರಬೇಕು.

ಎನ್‌ಐಸಿಯು_ಸಿಸ್ಟರ್
ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಹೋದ ಮೊದಲ ದಿನ ಔಷಧಿ ಕಪಾಟು ತೆರೆದು ಪ್ರತಿ ಆಂಪೂಲಿನ ಬಲ ಓದಿಕೊಳ್ಳಿ. ಕಾಲೇಜಿನಲ್ಲಿದ್ದ ಕಂಪನಿ ಅಲ್ಲಿರುವುದಿಲ್ಲ. ಫಿನೋಬಾರ್ಬಿಟೋನ್ 1 ಮಿ.ಲೀ.ಗೆ 200 ಮಿ.ಗ್ರಾಂ ಇದ್ದರೆ 9 ಮಿ.ಲೀ. ಎನ್‌ಎಸ್ ಸೇರಿಸಿ 20 ಮಾಡಿಕೊಳ್ಳಿ, 3 ಕೆ.ಜಿ. ಶಿಶುವಿಗೆ 60 ಮಿ.ಗ್ರಾಂ ಅಂದರೆ 3 ಮಿ.ಲೀ., 20 ನಿಮಿಷದಲ್ಲಿ. ಅದಕ್ಕೂ ಮೊದಲು ಸಕ್ಕರೆ ನೋಡಿ. ಗ್ಲುಕೋಮೀಟರ್ ಸ್ಟ್ರಿಪ್ ಎಲ್ಲಿಟ್ಟಿದ್ದಾರೆ, ಅವಧಿ ಮುಗಿದಿದೆಯಾ ಅಂತ ಕೇಳಿಕೊಂಡು ಪಾಳಿ ಶುರು ಮಾಡಿ.